ಆಲ್ಗೊಟ್‌ನ ಎರಡನೆಯ ಬ್ಯಾಟರಿ

ಗ್ರೋಶೇರ್ ದ್ವೀಪದಲ್ಲಿ ಎರಡೇ ಮನೆ. ಒಂದು ನನ್ನದು, ಇನ್ನೊಂದು ಆಲ್ಗೊಟ್ ಮತ್ತು ಅವನ ಹೆಂಡತಿ ಯೋರ್ದಿಸ್‌ಳದು. ನಡುವೆ ಕಿರಿದಾದ ಕೊಲ್ಲಿ. ನನ್ನ ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ನೀರಿಗೆ ಚಾಚಿದ ಅವರ ಜೆಟ್ಟಿ, ಅದಕ್ಕೆ ಕಟ್ಟಿದ ಮರದ ದೋಣಿ, ದೋಣಿಯೊಳಗೆ ಬಗ್ಗಿದ ಆಲ್ಗೊಟ್‌ನ ಬೆನ್ನು, ಎಲ್ಲ ಕಾಣುತ್ತದೆ. ಆ ವರ್ಷದ ನವೆಂಬರಿನಲ್ಲಿ ಆ ಬೆನ್ನನ್ನು ನೋಡಿದಷ್ಟು ನಾನು ಆಕಾಶವನ್ನೂ ನೋಡಲಿಲ್ಲ.

ಯೋರ್ದಿಸ್ ಓಬೊ ಪಟ್ಟಣದ ಹೆಣ್ಣು. ಮದುವೆಯಾಗಿ ಬಂದ ಮೊದಲ ಚಳಿಗಾಲವೇ ಅವಳಿಗೆ ಕೆಟ್ಟ ಹಾದಿಯ ಪರಿಚಯವಾಯಿತು. ಸಮುದ್ರ ಹೆಪ್ಪುಗಟ್ಟಲು ಶುರುವಾಗಿ, ದೋಣಿಗೆ ದಾರಿ ಬಿಡದೆ, ಕಾಲಿಗೆ ನೆಲವೂ ಆಗದೆ ನಿಲ್ಲುವ ವಾರಗಳಿಗೆ ನಾವು ಇಟ್ಟ ಹೆಸರು ಅದು. ಆ ವಾರಗಳಲ್ಲೇ ಅವಳ ತಾಯಿ ತೀರಿಕೊಂಡಳು. ಮಣ್ಣು ಮಾಡಿದ ದಿನ ಯೋರ್ದಿಸ್ ಇದೇ ಜೆಟ್ಟಿಯ ತುದಿಯಲ್ಲಿ ಕಪ್ಪು ಕೋಟು ತೊಟ್ಟು ಪಟ್ಟಣದ ದಿಕ್ಕಿಗೆ ಮುಖ ಮಾಡಿ ನಿಂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಮಂಜುಗಡ್ಡೆ ಒಳಗೊಳಗೇ ನರಳುತ್ತಿತ್ತು.

ಈಗ ಓಬೊದಲ್ಲಿ ಅವಳ ಅಕ್ಕ ರಾಕೆಲ್ ಹಾಸಿಗೆ ಹಿಡಿದಿದ್ದಳು. ಕ್ರಿಸ್‌ಮಸ್ ನೋಡುವುದು ಕಷ್ಟ ಎಂದು ವೈದ್ಯರು ಹೇಳಿದ್ದರು. ಕೆಟ್ಟ ಹಾದಿ ಬೀಳುವ ಮುಂಚೆ ಹೊರಟರೆ ಕೈ ಹಿಡಿದು ಕೂರಬಹುದು. ಇಲ್ಲವಾದರೆ ಮತ್ತೆ ಅದೇ ಜೆಟ್ಟಿ, ಅದೇ ಕಪ್ಪು ಕೋಟು. ಹೆಲಿಕಾಪ್ಟರ್ ಬರುವುದು ಇಲ್ಲಿ ಕಾಯಿಲೆ ಬಿದ್ದವರಿಗೆ, ಅಲ್ಲಿಯ ಕಾಯಿಲೆಯವರನ್ನು ನೋಡಲು ಹೋಗುವವರಿಗಲ್ಲ. ನನ್ನ ದೋಣಿಯನ್ನು ಆಗಲೇ ದಡಕ್ಕೆಳೆದು ಚಳಿಗಾಲಕ್ಕೆಂದು ಎಂಜಿನ್ ಬಿಚ್ಚಿ ಇಟ್ಟಾಗಿತ್ತು. ಓಬೊದ ಹಡಗು ಹತ್ತಲು ದೊಡ್ಡ ದ್ವೀಪದ ಹಡಗುಕಟ್ಟೆಯವರೆಗೆ ಹೋಗಬೇಕು, ಅದಕ್ಕೆ ಉಳಿದದ್ದು ಆಲ್ಗೊಟ್‌ನ ದೋಣಿ ಒಂದೇ.

ಆ ದೋಣಿಗೆ ಮೊದಲು ಇದ್ದದ್ದು ಒಂದೇ ಬ್ಯಾಟರಿ. ದೀಪ, ರೇಡಿಯೊ, ಹೀಟರ್, ಎಂಜಿನ್, ಎಲ್ಲವೂ ಅದನ್ನೇ ಹೀರುತ್ತಿದ್ದವು. ಬೇಸಿಗೆಯಲ್ಲಿ ಒಮ್ಮೆ ಬಲೆ ಹಾಕಲು ಹೋದ ಗಂಡ ಹೆಂಡತಿ ರಾತ್ರಿಯ ಚಳಿಗೆ ಹೀಟರ್ ಹಾಕಿಕೊಂಡು ನಿದ್ದೆ ಹೋದರು, ಬೆಳಗ್ಗೆ ಎಂಜಿನ್ ಕೆಮ್ಮಲೂ ಇಲ್ಲ. ಅವತ್ತೇ ಆಲ್ಗೊಟ್ ಎರಡನೆಯ ಬ್ಯಾಟರಿ ತರಿಸಲು ನಿರ್ಧರಿಸಿದ. ಒಂದು ಎಂಜಿನ್ ಎಬ್ಬಿಸಲು ಮಾತ್ರ. ಇನ್ನೊಂದು ಉಳಿದ ಎಲ್ಲದಕ್ಕೂ. ಎಂಜಿನ್ ಓಡುವಾಗ ಎರಡೂ ತುಂಬಿಕೊಳ್ಳಬೇಕು, ನಿಂತಾಗ ಒಂದು ಇನ್ನೊಂದರದನ್ನು ಕುಡಿಯಬಾರದು. ಮೊದಲನೆಯದಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದ. "ಇದನ್ನ ದೇವರು ಬಂದು ಕೇಳಿದ್ರೂ ಕೊಡಲ್ಲ," ಎಂದ.

ಕೆಲಸ ಅಕ್ಟೋಬರಿನಲ್ಲಿ ಶುರುವಾಯಿತು. ಟಾರ್ಚ್ ಹಿಡಿಯುವವಳು ಯೋರ್ದಿಸ್. ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂದು ಅವಳಿಗೆ ಕಸೂತಿಯ ದಾರದಷ್ಟು ಚೆನ್ನಾಗಿ ಗೊತ್ತಾಯಿತು. ಸಂಜೆ ಎಲ್ಲ ಸರಿಯಾಗಿರುತ್ತಿತ್ತು. ಬೆಳಗ್ಗೆ ಕೀಲಿ ತಿರುಗಿಸಿದರೆ ಸದ್ದಿಲ್ಲ.

"ಎಲ್ಲೋ ಕರೆಂಟು ಸೋರ್ತಿದೆ," ಎನ್ನುತ್ತಿದ್ದ ಆಲ್ಗೊಟ್. "ನಾಳೆ ನೋಡೋಣ."

"ನಿನ್ನ ನಾಳೆಗಳನ್ನೆಲ್ಲ ಸಾಲಾಗಿ ಜೋಡಿಸಿದ್ರೆ ಅದರ ಮೇಲೆ ನಡ್ಕೊಂಡೇ ಓಬೊಗೆ ಹೋಗ್ಬಹುದು," ಎನ್ನುತ್ತಿದ್ದಳು ಅವಳು.

ಮೊದಮೊದಲು ನಗುತ್ತ ಹೇಳಿದ ಮಾತು. ಆಮೇಲೆ ನಗು ಹೋಯಿತು, ಮಾತು ಉಳಿಯಿತು. ಪೆಟ್ಟಿಗೆ ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದಳು. ಪ್ರತಿದಿನ ಅದನ್ನು ದಾಟಿಕೊಂಡೇ ಕೊಟ್ಟಿಗೆಗೆ ಹೋಗಬೇಕು. ಮಧ್ಯಾಹ್ನ ಮೂರಕ್ಕೇ ಕತ್ತಲು. ದಡದ ಕಲ್ಲುಗಳ ಸುತ್ತ ನೀರು ಎಣ್ಣೆಯಂತೆ ಮಂದವಾಗತೊಡಗಿತ್ತು. ಹಾಗಾದರೆ ಕೆಟ್ಟ ಹಾದಿ ಇನ್ನೇನು ಬಂತು ಎಂದರ್ಥ.

ಒಂದು ದಿನ ಆಲ್ಗೊಟ್ ಕುರಿಗಳಿಗೆ ಹುಲ್ಲು ಹಾಕಲು ಹೋದಾಗ ಯೋರ್ದಿಸ್ ಒಬ್ಬಳೇ ದೋಣಿಗಿಳಿದಳು. ಪ್ಲಸ್ ತಂತಿಗಳು ಗಟ್ಟಿ. ಸ್ವಿಚ್ಚು ಸರಿ. ಎರಡು ಬ್ಯಾಟರಿಗಳ ಮೈನಸ್ ತಂತಿಗಳು ಒಟ್ಟಿಗೆ ಬಂದು ಎಂಜಿನ್ನಿನ ಮೈಗೆ ಸೇರುವ ಜಾಗವಿದೆ. ಕೆಳಗೆ, ಕೈಯನ್ನು ಮೊಣಕೈವರೆಗೆ ತೂರಿಸಿದರೆ ಮಾತ್ರ ಸಿಗುತ್ತದೆ. ಅಲ್ಲಿಯ ನಟ್ಟು ಸಡಿಲವಾದರೆ ಎಂಜಿನ್ನಿಗೆ ಕರೆಂಟೇ ಹೋಗದು; ಅದು ಬೆರಳಿಗೇ ತಿರುಗಿತು. ಟಾರ್ಚ್ ಹಿಡಿದು ನೋಡಿದಳು. ನಟ್ಟಿನ ಮೂಲೆಗಳಲ್ಲಿ ಸ್ಪ್ಯಾನರಿನ ಗುರುತು ಹೊಸದಾಗಿ ಹೊಳೆಯುತ್ತಿತ್ತು. ತಾನಾಗಿ ಸಡಿಲವಾದ ನಟ್ಟಿಗೆ ಅಂಥ ಹೊಳಪು ಬರುವುದಿಲ್ಲ.

ಅವಳು ಅದನ್ನು ಬಿಗಿ ಮಾಡಲಿಲ್ಲ. ನೇರ ನನ್ನ ಮನೆಗೆ ಬಂದಳು. "ಟೀರಾ, ಕಾಫಿಗೆ ಬಾ. ಒಬ್ಬಳೇ ಇದ್ರೆ ಅವನಿಗೆ ನಾನು ಏನಂತೀನೋ ನಂಗೇ ಗೊತ್ತಿಲ್ಲ."

ಅವರ ಮೇಜಿನ ಮೇಲೆ ಕಪ್ಪು ಬ್ರೆಡ್ಡು, ಬೆಣ್ಣೆ, ಉಪ್ಪು ಮೀನು. ಆಲ್ಗೊಟ್ ನನ್ನನ್ನು ನೋಡಿ, "ಏನು ಟೀರಾ, ನಮ್ಮನೆ ಕಾಫಿ ಇಷ್ಟು ರುಚಿಯಾಯ್ತಾ ಈಗ?" ಎಂದ.

ಯೋರ್ದಿಸ್ ಕಪ್ಪಿಗೆ ಕಾಫಿ ಬಗ್ಗಿಸುತ್ತಲೇ ಕೇಳಿದಳು. "ಮೈನಸ್ ನಟ್ಟನ್ನ ದಿನಾ ಬಿಚ್ತಿದ್ದೀಯಲ್ಲ, ಕೈ ನೋಯಲ್ವಾ?"

ಅವನು ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. ತುದಿಯಿಂದ ತುದಿಗೆ, ಒಂದೇ ಸಮ. ಆಮೇಲೆ ಚಾಕು ಇಟ್ಟ.

"ನೋಯುತ್ತೆ," ಎಂದ.

"ಯಾಕೋ?" ಎಂದೆ ನಾನು. ಅವನನ್ನು ಚಡ್ಡಿ ಹಾಕಿಕೊಂಡಿದ್ದ ಕಾಲದಿಂದ ಬಲ್ಲವಳು. "ತಲೆ ಕೆಟ್ಟಿದೆಯೇನೋ ನಿಂಗೆ?"

"ಹೋದ ವರ್ಷ ಅಕ್ಕನ ಆಪರೇಷನ್‌ಗೆ ಅಂತ ಹೋದಳು. ವಸಂತ ಬಂದ ಮೇಲೆ ಬಂದಳು. ಬಂದವಳು ಇದೇ ಮೇಜಿಗೆ ಕೂತು ಏನಂದಳು ಗೊತ್ತಾ? ಅಲ್ಲಿ ಹಾಲು ಬೇಕಾದ್ರೆ ಚಪ್ಪಲಿ ಮೆಟ್ಕೊಂಡು ಹೊರಗೆ ಹೋದ್ರಾಯ್ತು, ಅಂದಳು." ಅವನು ನನಗೆ ಹೇಳುತ್ತಿದ್ದ, ಅವಳತ್ತ ನೋಡಲಿಲ್ಲ. "ಬರೀ ಹಾಲಿನ ಮಾತು. ನನಗೆ ಮಾತ್ರ ಬೇಸಿಗೆಯೆಲ್ಲ ಅದೇ ಕೇಳಿಸ್ತು."

"ಅಮ್ಮನ ಮಣ್ಣಿಗೆ ಹೋಗೋಕಾಗಲಿಲ್ಲ ನಂಗೆ," ಎಂದಳು ಯೋರ್ದಿಸ್. "ಆಗ ಮಂಜುಗಡ್ಡೆ ಅಡ್ಡ ಬಂದಿತ್ತು. ಅದನ್ನ ಬೈಯೋಕಾಗಲ್ಲ, ಸುಮ್ಮನಿದ್ದೆ. ಈಗ ನೀನು ಅಡ್ಡ ಬಂದ್ರೆ ಯಾರನ್ನ ಬೈಯಲಿ, ಹೇಳು?"

ಅವನು ಎದ್ದು ಹೊರಗೆ ಹೋದ. ಕಿಟಕಿಯಲ್ಲಿ ಅವನ ಟಾರ್ಚಿನ ಬೆಳಕು ದೋಣಿಗಿಳಿಯುವುದು ಕಂಡಿತು. ಸ್ವಲ್ಪ ಹೊತ್ತಿಗೆ ಎಂಜಿನ್ ಒಂದೇ ಬಾರಿಗೆ ಎದ್ದಿತು, ಎಷ್ಟೋ ದಿನದಿಂದ ಬಾಯಿ ಕಟ್ಟಿಸಿಕೊಂಡು ಕೂತಿದ್ದ ಪ್ರಾಣಿಯಂತೆ. ಯೋರ್ದಿಸ್ ಕುಳಿತಲ್ಲೇ ಬರಿಗೈಯಿಂದ ಕಣ್ಣೊರೆಸಿಕೊಂಡಳು. ಬೆಳಕು ಹರಿದ ಕೂಡಲೇ ಹೊರಡುವುದೆಂದಾಯಿತು.

ಬೆಳಕು ಹರಿದಾಗ ಕೊಲ್ಲಿಯ ತುಂಬ ಕಿಟಕಿ ಗಾಜಿನಂಥ ಹೊಸ ಮಂಜುಗಡ್ಡೆ.

ಹೊಸದು ನೋಡಲು ಏನೂ ಅಲ್ಲ, ಕಲ್ಲೆಸೆದರೆ ಹಾಡುತ್ತದೆ. ಆದರೆ ಅದನ್ನು ಸೀಳಿಕೊಂಡು ಹೋಗುವ ಮರದ ದೋಣಿಯನ್ನು ನೀರಿನ ಮಟ್ಟದಲ್ಲಿ ಗರಗಸದಂತೆ ಕೊಯ್ಯುತ್ತದೆ. ನಾನು ಓಡಿಹೋದಾಗ ಯೋರ್ದಿಸ್ ಜೆಟ್ಟಿಯ ಮೇಲೆ ಪೆಟ್ಟಿಗೆ ಹಿಡಿದು ನಿಂತಿದ್ದಳು. ಕೋಟು ಅದೇ ಕಪ್ಪು. ಆಲ್ಗೊಟ್ ಎಲ್ಲೂ ಇಲ್ಲ. ನನಗೆ ಅವನ ಮೇಲೆ ಬಂದ ಸಿಟ್ಟು ಹೇಳತೀರದು. ಒಂದೇ ಒಂದು ದಿನ ಮುಂಚೆ ಬಿಗಿ ಮಾಡಿದ್ದರೆ!

ಅವನು ದೋಣಿಮನೆಯಿಂದ ಬಂದ. ಕಂಕುಳಲ್ಲಿ ಅವನಪ್ಪನ ಕಾಲದ ತಗಡಿನ ಹಾಳೆಗಳು, ಬಾಯಿ ತುಂಬ ಸಣ್ಣ ಮೊಳೆ. ಮಂಡಿಯೂರಿ ದೋಣಿಯ ಮೂತಿಯ ಎರಡೂ ಕಡೆ ತಗಡು ಬಡಿಯತೊಡಗಿದ. ಕೆಂಪಾದ ಬೆರಳಿಗೆ ಎರಡು ಸಲ ಸುತ್ತಿಗೆ ತಾಗಿತು.

ಮುಗಿದ ಮೇಲೆ, "ನಾನೂ ಬರ್ಲಾ?" ಎಂದ.

"ಬೇಡ. ನೀನು ಬಂದ್ರೆ ನಾಳೇನೇ ವಾಪಸ್ ಹೋಗೋಣ ಅಂತೀಯ."

"ಅಂತೀನಿ," ಎಂದು ಒಪ್ಪಿಕೊಂಡ. ದೋಣಿಗೆ ಇಳಿದು ಸ್ವಿಚ್ಚನ್ನು ಮತ್ತೊಮ್ಮೆ ನೋಡಿದ. "ಹೀಟರ್ ಎಷ್ಟು ಬೇಕಾದ್ರೂ ಹಾಕ್ಕೋ, ಅದು ಎರಡನೇದರಿಂದ ಬರುತ್ತೆ. ಕೆಂಪು ಪಟ್ಟಿಯದನ್ನ ಮುಟ್ಬೇಡ. ನಡುವೆ ಎಂಜಿನ್ ನಿಂತ್ರೆ ಅದು ಎಬ್ಬಿಸುತ್ತೆ."

"ಗೊತ್ತು. ಟಾರ್ಚ್ ಹಿಡಿದವಳು ನಾನೇ."

ಮಂಜುಗಡ್ಡೆ ಒಡೆಯುವ ಸದ್ದು ಗಾಜಿನ ಅಂಗಡಿಗೆ ಗೂಳಿ ನುಗ್ಗಿದಂತೆ ಇತ್ತು. ದೋಣಿ ಹೋದಲ್ಲಿ ಕಪ್ಪು ನೀರಿನ ಹಾದಿ ಬಿಟ್ಟಿತು. ತುಂಡುಗಳು ಆ ಹಾದಿಯಲ್ಲಿ ತೇಲುತ್ತ, ಒಂದಕ್ಕೊಂದು ಅಂಟಿಕೊಳ್ಳುತ್ತ, ಸಂಜೆಯೊಳಗೆ ಅದನ್ನು ಮುಚ್ಚಿಬಿಟ್ಟವು.

ಮರುದಿನ ಅವಳು ಫೋನು ಮಾಡಿದಳು. ರಾಕೆಲ್ ಅವಳ ಕೈ ಮುಟ್ಟಿ, "ಡೀಸೆಲ್ ವಾಸನೆ ಕಣೇ, ತೊಳ್ಕೊಂಡು ಬಾ," ಎಂದಳಂತೆ. ಡಿಸೆಂಬರ್ ನಡುವಿನ ಲೂಸಿಯಾ ಹಬ್ಬದ ಮುಂಚೆ ರಾಕೆಲ್ ತೀರಿಕೊಂಡಳು. ಕೈ ತಂಗಿಯ ಕೈಯಲ್ಲಿತ್ತು. ಮಣ್ಣಿಗೆ ಯೋರ್ದಿಸ್ ಇದ್ದಳು.

"ಯಾವಾಗ ಬರ್ತೀಯ ಅಂತ ಕೇಳಿದ್ಯಾ?" ಎಂದು ಆಲ್ಗೊಟ್‌ನನ್ನು ಕೇಳಿದೆ.

"ಇಲ್ಲ. ಅವಳೂ ಹೇಳಲಿಲ್ಲ."

ಆಮೇಲೆ ದಿನವೂ ಬೆಳಗ್ಗೆ ಅವನು ಕಬ್ಬಿಣದ ಮೂತಿಯ ಕೋಲು ಹಿಡಿದು ಜೆಟ್ಟಿಯಿಂದ ಇಳಿಯುತ್ತಿದ್ದ. ಮಂಜುಗಡ್ಡೆ ಗಟ್ಟಿಯಾಯಿತೇ ಎಂದು ಕುಕ್ಕಿ ನೋಡುವುದು, ಒಂದು ಹೆಜ್ಜೆ, ಮತ್ತೆ ಕುಕ್ಕುವುದು. ಕೋಲಿಗೆ ನೀರು ಚಿಮ್ಮಿದಲ್ಲಿ ನಿಂತು, ದೊಡ್ಡ ದ್ವೀಪದತ್ತ ಸ್ವಲ್ಪ ಹೊತ್ತು ನೋಡಿ, ತನ್ನದೇ ಹೆಜ್ಜೆಯ ಮೇಲೆ ಹಿಂದೆ ಬರುತ್ತಿದ್ದ.

ಒಂದು ಬೆಳಗ್ಗೆ ನಾನು ಕಿಟಕಿ ತೆರೆದು ಕೂಗಿದೆ. "ಏ ಮಾರಾಯ, ಬಿದ್ದು ಸಾಯ್ತೀಯ! ಒಳಗೆ ಹೋಗು!"

ಅವನು ತಿರುಗಲಿಲ್ಲ. ಕೋಲನ್ನು ಇನ್ನೊಮ್ಮೆ ಕುಕ್ಕಿದ.

"ಇನ್ನೂ ಭಾರ ಹೊರಲ್ಲ ಟೀರಾ," ಎಂದ.