ಸೆವ್ರಿನ್ ಬಾಯಿಯ ನಾಲ್ಕು

ಕಳೆದ ತಿಂಗಳು ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗಲೇ, ನನ್ನ ಮೊಬೈಲು ಮೇಲಿಂದ ಮೇಲೆ ಟಣ್‌ಗುಟ್ಟತೊಡಗಿತು. ನಿವೃತ್ತ ಮೇಷ್ಟ್ರಿಗೆ ಅಷ್ಟು ಸಂದೇಶಗಳು ಬರುವುದು ಒಂದೋ ಹುಟ್ಟುಹಬ್ಬಕ್ಕೆ, ಇಲ್ಲವೇ ಯಾರಾದರೂ ಸತ್ತಾಗ. ಹುಟ್ಟುಹಬ್ಬ ಕಳೆದು ಮೂರು ತಿಂಗಳಾಗಿತ್ತು. ಯಾರು ಹೋದರಪ್ಪಾ ಎಂದು ಬ್ರಷ್ ಕಚ್ಚಿಕೊಂಡೇ ಬಂದು ನೋಡಿದರೆ, ಹೋಗಬೇಕಾದದ್ದು ನನ್ನ ಮಾನ. ಪುಣ್ಯಕ್ಕೆ ಅದು ಇನ್ನೂ ಯಾರಿಗೂ ಗೊತ್ತಾಗಿರಲಿಲ್ಲ.

ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಯಾರೋ ಎರಡು ನಿಮಿಷದ ವೀಡಿಯೊ ಹಾಕಿದ್ದರು. ಏಳು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಸಣ್ಣ ಕೇಬಲ್ ಚಾನೆಲ್ಲಿನಲ್ಲಿ ‘ಅಕ್ಷರ ಲೆಕ್ಕ’ ಎಂಬ ಸ್ಪರ್ಧೆ ಬರುತ್ತಿತ್ತು. ಅದರ ಫೈನಲ್ಲಿನ ಕೊನೆಯ ಸುತ್ತು ಅದು. ಕಡೆಗೆ ನಾನು ಶೀಲ್ಡ್ ಎತ್ತಿ ಹಿಡಿದು ಹಲ್ಲು ಕಿಸಿಯುತ್ತಿದ್ದೇನೆ. ಕೆಳಗೆ ಚಪ್ಪಾಳೆಯ ಚಿತ್ರಗಳ ಸಾಲು. “ನಮ್ಮ ಸರ್ ಅಂದ್ರೆ ಸುಮ್ಮನೆಯಾ ಮಾರಾಯ!” ಎಂದು ದುಬೈಯಿಂದ ಒಬ್ಬ. “ಸರ್ ಹೇಳಿದ್ರೆ ಮುಗೀತು” ಎಂದು ಇನ್ನೊಬ್ಬ. ಇವನನ್ನು ಹತ್ತನೆಯ ತರಗತಿಯಲ್ಲಿ ಲೆಕ್ಕದಲ್ಲಿ ದಡ ಮುಟ್ಟಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಬೇರೆ ದಿನವಾಗಿದ್ದರೆ ಖುಷಿಯಿಂದ ಮೀಸೆ ತಿರುವಿಕೊಳ್ಳುತ್ತಿದ್ದೆ. ಅವತ್ತು ಮೊಬೈಲನ್ನು ದಿಂಬಿನ ಕೆಳಗೆ ತುರುಕಿ ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಅಂಗಳಕ್ಕೆ ಹೋದೆ.

“ಎಂತ ಮಾರಾಯ್ರೆ, ಕೂತಲ್ಲಿ ಕೂರುದಿಲ್ಲ ನೀವು? ಹೊಟ್ಟೆ ಸರಿ ಇಲ್ವಾ?” ಎಂದು ಹೆಂಡತಿ ಕೇಳಿದಳು. ಹೊಟ್ಟೆಯ ಮೇಲೆ ಹಾಕಿ ತಪ್ಪಿಸಿಕೊಂಡೆ. ಅದರ ಫಲವಾಗಿ ಮಧ್ಯಾಹ್ನ ಗಂಜಿಯೇ ಸಿಕ್ಕಿತು.

ನಿಮಗೆ ಮೊದಲಿನಿಂದ ಹೇಳಬೇಕು. ನಾನು ಬೆಳ್ಮಣ್‌ನವನು. ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವನು. ಲೆಕ್ಕದ ಮೇಷ್ಟ್ರುಗಳಿಗೆ ಒಂದು ರೋಗ ಉಂಟು. ಬಸ್ಸಿನ ನಂಬರು ಕಂಡರೆ ಅಂಕಿಗಳನ್ನು ಕೂಡಿಸುತ್ತೇವೆ. ಮದುವೆಯ ಊಟದಲ್ಲಿ ಎಷ್ಟು ಪಂಕ್ತಿ, ಪಂಕ್ತಿಗೆ ಎಷ್ಟು ಎಲೆ ಎಂದು ಗುಣಿಸುತ್ತಾ ಪಾಯಸ ಬಂದದ್ದನ್ನೇ ಗಮನಿಸುವುದಿಲ್ಲ. ಇಂಥವನಿಗೆ ಟಿವಿಯಲ್ಲಿ ಲೆಕ್ಕದ ಸ್ಪರ್ಧೆ ಎಂದರೆ ಕೇಳಬೇಕೇ? ವಿದ್ಯಾರ್ಥಿಗಳು ಒತ್ತಾಯಿಸಿದ್ದರಿಂದ ಹೆಸರು ಕೊಟ್ಟೆ ಎಂದು ಊರಿಗೆಲ್ಲ ಹೇಳಿದ್ದೆ. ನಿಜವಾಗಿ ಯಾರೂ ಒತ್ತಾಯಿಸಿರಲಿಲ್ಲ.

ಸ್ಪರ್ಧೆಯ ಕ್ರಮ ಸುಲಭ. ಮೊದಲು ಒಂಬತ್ತು ಅಕ್ಷರ ಕೊಡುತ್ತಿದ್ದರು. ಅವುಗಳಿಂದ ಉದ್ದದ ಪದ ಕಟ್ಟಿದವರಿಗೆ ಅಂಕ. ಆಮೇಲೆ ಆರು ಸಂಖ್ಯೆಗಳು, ಒಂದು ಗುರಿ. ಒಂದು ಸಂಖ್ಯೆಯನ್ನು ಒಮ್ಮೆ ಮಾತ್ರ ಬಳಸಿ, ಕೂಡಿಸಿ ಕಳೆದು ಗುಣಿಸಿ ಭಾಗಿಸಿ, ಮುಕ್ಕಾಲು ನಿಮಿಷದಲ್ಲಿ ಗುರಿ ಮುಟ್ಟಬೇಕು. ಮುಟ್ಟಲಾಗದಿದ್ದರೆ ಹತ್ತಿರ ಬಂದವರು ಗೆದ್ದ ಹಾಗೆ. ಫೈನಲ್ ಮಣಿಪಾಲದಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮೂರನೆಯ ಮಾಳಿಗೆಯಲ್ಲಿ. ಎಸಿ ಎಷ್ಟು ಜೋರಾಗಿತ್ತೆಂದರೆ ಮುಖಕ್ಕೆ ಹಚ್ಚಿದ ಪೌಡರು ಬಿರುಕು ಬಿಡುತ್ತದೋ ಎಂದು ನಾನು ನಗದೆ ಕೂತಿದ್ದೆ.

ಎದುರಾಳಿ ಯಾರೆಂದು ಕೊನೆಯವರೆಗೂ ಹೇಳಿರಲಿಲ್ಲ. ಮಣಿಪಾಲವಲ್ಲವೇ, ಯಾರೋ ಇಂಜಿನಿಯರಿಂಗ್ ಓದುವ ಚುರುಕು ಬುದ್ಧಿಯ ಹುಡುಗಿ ಇರಬಹುದು ಎಂದುಕೊಂಡಿದ್ದೆ. ಕಾಯುವ ಕೋಣೆಗೆ ಹೋದರೆ ಅರುವತ್ತು ದಾಟಿದ ಹೆಂಗಸೊಬ್ಬರು ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಮಡಿಲಲ್ಲಿ ಮಲ್ಲಿಗೆ ಮೊಗ್ಗಿನ ರಾಶಿ ಇಟ್ಟುಕೊಂಡು, ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರು. ಕಾಪುವಿನಿಂದ ಒಳಗೆ ಹೋದರೆ ಮಲ್ಲಿಗೆ ಬೆಳೆಯುವ ಮನೆಗಳುಂಟು, ಅಲ್ಲಿಯವರು. ಹೆಸರು ಸೆವ್ರಿನ್. ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ನಮ್ಮಲ್ಲಿ ಬಾಯಿ ಎಂದು ಕರೆಯುವುದು ರೂಢಿ. ಹಾಗಾಗಿ ಸೆವ್ರಿನ್ ಬಾಯಿ.

“ಇಲ್ಲಿಯೂ ಹೂವಾ ಬಾಯಿ?” ಎಂದು ಕೇಳಿದೆ.

“ಮತ್ತೆಂತ ಮಾಡುದು ಸರ್? ಕೈ ಸುಮ್ಮನೆ ಕೂತರೆ ಹೆದರಿಕೆ ಆಗ್ತದೆ.”

ನಾನು ಲೆಕ್ಕದ ಮೇಷ್ಟ್ರು ಎಂದು ಗೊತ್ತಾದ ಕೂಡಲೇ ಅವರ ಕೈ ನಿಂತಿತು. ಆಮೇಲೆ ತಾವಾಗಿಯೇ ಹೇಳಿದರು. “ನಂದು ಐದನೇ ಕ್ಲಾಸ್ ಸರ್. ಉತ್ತರ ಸರಿ ಬರ್ತಿತ್ತು, ದಾರಿ ಬರೆಯಲಿಕ್ಕೆ ಬರ್ತಿರಲಿಲ್ಲ. ನೋಡಿ ಬರೆದದ್ದು ಅಂತ ಟೀಚರ್ ಹೊರಗೆ ನಿಲ್ಲಿಸಿದ್ರು. ಮರುದಿನದಿಂದ ನಾನು ಹೋಗಲೇ ಇಲ್ಲ. ಶೀಲ್ಡ್ ಎಲ್ಲ ಬೇಡ ನಂಗೆ. ಕಲಿತವರೊಬ್ಬರು, ನಾಲ್ಕು ಜನರ ಎದುರು, ಸೆವ್ರಿನ್ ನಿನ್ನ ಲೆಕ್ಕ ಸರಿ ಉಂಟು ಅಂತ ಹೇಳಬೇಕು. ಅಷ್ಟೇ ಸರ್.”

ಖಂಡಿತ ಹೇಳುತ್ತಾರೆ ಬಾಯಿ ಎಂದೆ. ನನಗೆ ಆಗ ಮನಸ್ಸು ಧಾರಾಳವಾಗಿತ್ತು, ಯಾಕೆಂದರೆ ಗೆಲ್ಲುವುದು ನಾನೇ ಎಂಬುದರಲ್ಲಿ ಸಂಶಯವಿರಲಿಲ್ಲ. ಕ್ಲಾಸಿನ ಹೊರಗೆ ನಿಲ್ಲಿಸಿದ ಟೀಚರನ್ನು ಮನಸ್ಸಿನಲ್ಲೇ ಬೈದೆ ಕೂಡ. ನಾನೇ ಎಷ್ಟು ಮಂದಿಯನ್ನು ನಿಲ್ಲಿಸಿದ್ದೇನೆ ಎಂಬುದು ಆಗ ನೆನಪಾಗಲಿಲ್ಲ.

ಪದಗಳಲ್ಲಿ ನಾನು ಮುಂದಿದ್ದೆ. ನಾನು ‘ಕಲರವ’ ಎಂದರೆ ಅವರು ‘ಕಮಲ’ ಎನ್ನುತ್ತಿದ್ದರು. ಸಂಖ್ಯೆಗಳು ಶುರುವಾದ ಮೇಲೆ ಕತೆ ಬದಲಾಯಿತು. ನಾನು ಹಾಳೆಯ ಮೇಲೆ ಗೀಚಿ, ಹೊಡೆದು ಹಾಕಿ, ಮತ್ತೆ ಗೀಚುತ್ತಿದ್ದರೆ ಸೆವ್ರಿನ್ ಬಾಯಿ ಎದುರಿನ ಗೋಡೆ ನೋಡುತ್ತಾ ಬೆರಳುಗಳನ್ನು ಹೂ ಕಟ್ಟುವಂತೆ ಆಡಿಸುತ್ತಿದ್ದರು. ಗಂಟೆ ಬಾರಿಸುವಷ್ಟರಲ್ಲಿ ಉತ್ತರ ತಯಾರು. ಕೊನೆಯ ಸುತ್ತಿಗೆ ಬಂದಾಗ ಇಬ್ಬರಿಗೂ ಮೂವತ್ತೆಂಟು ಅಂಕ. ಎಸಿಯಲ್ಲೂ ನನಗೆ ಬೆವರು.

ಕೊನೆಯ ಸಂಖ್ಯೆಗಳು ನನಗೆ ಇವತ್ತಿಗೂ ಬಾಯಿಪಾಠ. ನೂರು, ಐವತ್ತು, ಇಪ್ಪತ್ತೈದು, ಒಂಬತ್ತು, ಎಂಟು, ಆರು. ಗುರಿ ಇನ್ನೂರ ಮೂವತ್ತೆರಡು. ನಾನು ಇಪ್ಪತ್ತೈದನ್ನು ಒಂಬತ್ತರಿಂದ ಗುಣಿಸಿ, ಆರು ಕೂಡಿಸಿ, ಇನ್ನೂರ ಮೂವತ್ತೊಂದಕ್ಕೆ ಬಂದು ನಿಂತೆ. ಒಂದೇ ಒಂದು ಕಮ್ಮಿ. ಗಂಟೆ ಬಾರಿಸಿತು.

“ಇನ್ನೂರ ಮೂವತ್ತೆರಡು” ಎಂದರು ಸೆವ್ರಿನ್ ಬಾಯಿ.

ತೀರ್ಪುಗಾರರು ಉಡುಪಿಯ ನಿವೃತ್ತ ಕನ್ನಡ ಪ್ರಾಧ್ಯಾಪಕರು. ಪದಗಳಲ್ಲಿ ಹುಲಿ, ಸಂಖ್ಯೆಗಳಲ್ಲಿ ಪಾಪ. ಹೇಗೆ ಬಂತು ಎಂದು ಕೇಳಿದರು.

“ನಾಲ್ಕು ಪಾಲು ಮಾಡಿದೆ ಸರ್. ಒಂದೊಂದು ಪಾಲಿಗೆ ಐವತ್ತೆಂಟು. ಐವತ್ತು ಉಂಟು, ಎಂಟು ಉಂಟು. ಆಯ್ತಲ್ಲ?”

“ಆದರೆ ಬಾಯಿ, ಈ ನಾಲ್ಕು ಎಲ್ಲಿಂದ ಬಂತು? ಕೊಟ್ಟ ಸಂಖ್ಯೆಗಳಲ್ಲಿ ನಾಲ್ಕು ಇಲ್ಲವಲ್ಲ.”

ಸೆವ್ರಿನ್ ಬಾಯಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನೀವು ನಮ್ಮ ಕಡೆಯವರಲ್ಲದಿದ್ದರೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವುದಿಲ್ಲ. ಎಂಟುನೂರು ಮೊಗ್ಗು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹುಟ್ಟಿದಾಗಿನಿಂದ ಅಟ್ಟೆ ಕಟ್ಟಿದವರಿಗೆ ದೊಡ್ಡ ಮೊತ್ತ ಯಾವುದು ಕಂಡರೂ ಅದು ತನ್ನಿಂದ ತಾನೇ ನಾಲ್ಕು ಪಾಲಾಗುತ್ತದೆ. ಅವರ ಮಟ್ಟಿಗೆ ನಾಲ್ಕು ಎಂಬುದು ಯಾರೋ ಕೊಡಬೇಕಾದ ಸಂಖ್ಯೆಯೇ ಅಲ್ಲ.

“ಅಟ್ಟೆಗೆ ನಾಲ್ಕು ಚೆಂಡೇ ಅಲ್ವಾ ಸರ್? ಅದನ್ನೂ ಹೇಳಬೇಕಾ?” ಎಂದರು. ಕ್ಯಾಮರಾದ ಹಿಂದೆ ಇದ್ದವರೆಲ್ಲ ನಕ್ಕರು. ಸೆವ್ರಿನ್ ಬಾಯಿಯ ಕುತ್ತಿಗೆ ಕೆಂಪಾಯಿತು.

ಪ್ರಾಧ್ಯಾಪಕರು ಒಳ್ಳೆಯವರು. ಉಳಿದ ಸಂಖ್ಯೆಗಳಿಂದ ನಾಲ್ಕು ಬರುವುದಾದರೆ ಉತ್ತರ ಒಪ್ಪಿಕೊಳ್ಳುತ್ತೇನೆ ಎಂದು ಘೋಷಿಸಿಬಿಟ್ಟರು. “ಒಂಬತ್ತರಲ್ಲಿ ಆರು ಹೋದರೆ ಮೂರು... ಊಹೂಂ” ಎಂದು ಗೊಣಗಿದರು. ಸೆವ್ರಿನ್ ಬಾಯಿಯ ಬೆರಳುಗಳು ಆಡುತ್ತಿರಲಿಲ್ಲ. ನಗು ಕೇಳಿದ ಮೇಲೆ ಅವರ ತಲೆ ನಿಂತುಹೋಗಿತ್ತು. ಆಗ ಪ್ರಾಧ್ಯಾಪಕರು ನಮ್ಮೂರಿನವರು ಮಾತ್ರ ಮಾಡಬಹುದಾದ ಕೆಲಸವೊಂದನ್ನು ಮಾಡಿದರು. ಎದುರಾಳಿಯನ್ನೇ ಕೇಳಿದರು. “ಸರ್, ನೀವು ಲೆಕ್ಕ ಕಲಿಸಿದವರು. ನಿಮ್ಮ ಮೇಲೆ ವಿಶ್ವಾಸ ಉಂಟು. ನೀವೇ ಹೇಳಿ, ನಾಲ್ಕು ಬರ್ತದಾ?”

ನೂರನ್ನು ಇಪ್ಪತ್ತೈದರಿಂದ ಭಾಗಿಸಿದರೆ ನಾಲ್ಕು. ಬಾಯಿ ನಾಲ್ಕು ಎಂದ ಕ್ಷಣವೇ ನನಗೆ ಅದು ಕಂಡಿತ್ತು. ನೂರು, ಇಪ್ಪತ್ತೈದು ಎರಡೂ ಅವರು ಮುಟ್ಟದೆ ಬಿಟ್ಟ ಸಂಖ್ಯೆಗಳು. ಅವರ ಉತ್ತರ ಸೊಗಸಾಗಿ ಸರಿಯಾಗಿತ್ತು. ನನಗೆ ಹೊಳೆಯದ ದಾರಿ ಅದು.

“ಇಲ್ಲ ಸರ್” ಎಂದೆ. “ನನಗೆ ಕಾಣುವುದಿಲ್ಲ.”

ವೀಡಿಯೊದಲ್ಲಿ ಇದು ಸ್ಪಷ್ಟವಾಗಿದೆ. ಹೇಳುವ ಮೊದಲು ನಾನು ಕನ್ನಡಕ ಸರಿಪಡಿಸಿಕೊಳ್ಳುತ್ತೇನೆ. ವಿಚಾರ ಮಾಡಿದವನ ಹಾಗೆ ಹುಬ್ಬು ಗಂಟಿಕ್ಕುತ್ತೇನೆ. ನಟನೆ ಕೆಟ್ಟದ್ದಲ್ಲ.

ಹೊರಡುವಾಗ ಮೆಟ್ಟಿಲಿನ ಹತ್ತಿರ ಸೆವ್ರಿನ್ ಬಾಯಿ ಸಿಕ್ಕಿದರು. ಕಾಯುವಾಗ ಕಟ್ಟಿದ ಹೂವನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. “ಮನೆಯವರಿಗೆ ಕೊಡಿ. ನೀವು ಹೇಳಿದ ಮೇಲೆ ಸರಿ ಸರ್. ನಂದೇ ತಪ್ಪು” ಎಂದರು. ನಾನು ಆ ಹೂವನ್ನು ತಂದುಕೊಟ್ಟೆ, ಹೆಂಡತಿ ಮುಡಿದಳು. ಬಹುಮಾನವಾಗಿ ಬಂದ ಮಿಕ್ಸಿ ಇವತ್ತಿಗೂ ದಿನಾ ಬೆಳಿಗ್ಗೆ ಗರಗರ ಎನ್ನುತ್ತದೆ. ಏಳು ವರ್ಷ ಕಾದೆ, ಹಾಳಾಗುವ ಲಕ್ಷಣವೇ ಇಲ್ಲ.

ಏಳು ವರ್ಷ ಹೇಗೆ ಸುಮ್ಮನಿದ್ದೆ ಎಂದು ನೀವು ಕೇಳಬಹುದು. ಸುಮ್ಮನಿರುವುದು ಕಷ್ಟವೇನಲ್ಲ, ಯಾರೂ ಕೇಳದಿದ್ದರೆ ಎಷ್ಟು ದಿನವೂ ಇರಬಹುದು. ಈ ವೀಡಿಯೊ ಬಂದ ಮೇಲೆ ಮಾತ್ರ ಮೊಬೈಲು ಸದ್ದು ಮಾಡಿದಾಗಲೆಲ್ಲ ಓಡಿಹೋಗಿ ನೋಡುತ್ತಿದ್ದೆ. ಯಾರಾದರೊಬ್ಬ ಶಿಷ್ಯ ನೂರು–ಇಪ್ಪತ್ತೈದನ್ನು ಕಂಡುಹಿಡಿದೇ ಹಿಡಿಯುತ್ತಾನೆ ಎಂದು ಕಾದೆ. ಮೂರು ವಾರ ಒಬ್ಬನೂ ಹಿಡಿಯಲಿಲ್ಲ. ನಾನು ಕಲಿಸಿದ ಲೆಕ್ಕದ ಬಗ್ಗೆ ನಾಚಿಕೆ ಆಯಿತು, ನೆಮ್ಮದಿಯೂ ಆಯಿತು, ನೆಮ್ಮದಿಯಾದದ್ದಕ್ಕೆ ಮತ್ತೆ ನಾಚಿಕೆಯಾಯಿತು.

ಕಳೆದ ಮಂಗಳವಾರ ಬಸ್ಸು ಹತ್ತಿದೆ. ಕಾಪುವಿನಲ್ಲಿ ಇಳಿದು ಚಾ ಕುಡಿದೆ. ಇನ್ನೊಂದು ಚಾ ಕುಡಿದೆ. ವಾಪಸು ಹೋಗುವ ಬಸ್ಸು ಬಂತು. ಒಂದು ಕಾಲು ಇಟ್ಟು ತೆಗೆದೆ. ಕಂಡಕ್ಟರ್ ಬೈದ. ಕಡೆಗೆ ರಿಕ್ಷಾ ಹಿಡಿದು, ವಿಚಾರಿಸುತ್ತಾ ಅವರ ಮನೆಗೆ ಹೋದೆ.

ಸೆವ್ರಿನ್ ಬಾಯಿ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ನನ್ನನ್ನು ಕಂಡು ಗಡಿಬಿಡಿಯಿಂದ ಎದ್ದು ಕುರ್ಚಿ ಎಳೆದರು. ಪಕ್ಕದಲ್ಲಿ ಸೊಸೆ ಜೆಸಿಂತಾ, ಅತ್ತೆ ಕಟ್ಟಿಟ್ಟ ಚೆಂಡನ್ನು ಬಿಡಿಸಿ ಮೊದಲಿನಿಂದ ಎಣಿಸುತ್ತಿದ್ದಳು. ಅದೇಕೆ ಎಂದು ಕೇಳಿದೆ.

“ಟಿವಿಯಲ್ಲಿ ತಪ್ಪಾಯ್ತಲ್ಲ ಸರ್” ಎಂದರು ಬಾಯಿ, ದೊಡ್ಡ ವಿಷಯವೇನಲ್ಲ ಎಂಬಂತೆ. “ಅವತ್ತಿಂದ ನಂಗೆ ನನ್ನ ಲೆಕ್ಕದ ಮೇಲೆ ಧೈರ್ಯ ಇಲ್ಲ. ನಾನು ಎಣಿಸಿದ್ದನ್ನು ಇವಳು ಇನ್ನೊಂದು ಸಲ ಎಣಿಸ್ತಾಳೆ.”

ಬಸ್ಸಿನಲ್ಲಿ ತಯಾರು ಮಾಡಿಕೊಂಡ ಪೀಠಿಕೆಯೆಲ್ಲ ಹಾರಿಹೋಯಿತು. “ಬಾಯಿ, ನೂರರಲ್ಲಿ ಇಪ್ಪತ್ತೈದು ಎಷ್ಟು ಸಲ?” ಎಂದೆ.

ಅವರ ಬೆರಳು ಸ್ವಲ್ಪ ಆಡಿತು. “ನಾಲ್ಕು” ಎಂದರು. ಆಮೇಲೆ ನನ್ನ ಕಡೆಗೆ ತಿರುಗಿದರು. “ಎರಡೂ ಅಲ್ಲೇ ಇತ್ತು, ಅಲ್ವಾ?”

“ಇತ್ತು.”

“ಹಾಗಾದ್ರೆ ನಂದು ಸರಿ.”

“ಸರಿ ಬಾಯಿ. ಪೂರಾ ಸರಿ.”

“ನಿಮಗೆ ಆಗಲೇ ಗೊತ್ತಿತ್ತಾ?”

“ಗೊತ್ತಿತ್ತು.”

ಇರಲಿ ಬಿಡಿ ಸರ್, ಹಳೇ ಕತೆ ಎನ್ನುತ್ತಾರೆಂದು ಕಾದೆ. ನಾನು ಅಷ್ಟು ದೂರ ಬಂದದ್ದು ಆ ಮಾತಿಗೇ ಎಂದು ಆಗ ತಿಳಿಯಿತು. ಅವರು ಅನ್ನಲಿಲ್ಲ. “ಜೆಸಿಂತಾ, ಕೇಳಿದಿಯಾ? ಸರ್, ಇವಳಿಗೆ ಇನ್ನೊಂದು ಸಲ ಹೇಳಿ” ಎಂದರು. ಹೇಳಿದೆ. ಬೇಲಿಯಾಚೆಯ ಪದ್ಮಾವತಿಯಮ್ಮನನ್ನು ಕೂಗಿ ಕರೆದರು. ಆಕೆ ಕೈ ಒರೆಸಿಕೊಳ್ಳುತ್ತಾ ಬಂದರು, ಅವರಿಗೂ ಹೇಳಿದೆ. ಅಷ್ಟರಲ್ಲಿ ಹೂ ಒಯ್ಯುವ ಸದಾನಂದ ಸ್ಕೂಟರಿನಲ್ಲಿ ಬಂದ. “ನಿಲ್ಲು, ಈ ಸರ್ ಎಂತದೋ ಹೇಳ್ತಾರೆ” ಎಂದರು ಬಾಯಿ. ಹೇಳಿದೆ. ಅವನು ಹೆಲ್ಮೆಟ್ ತೆಗೆದು, ಸಾವಧಾನವಾಗಿ ಕೇಳಿ, ಉಳಿದವರು ಮರ್ಯಾದೆಗೆ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿಯೇಬಿಟ್ಟ. “ಮತ್ತೆ ಇಲ್ಲ ಅಂದದ್ದು ಯಾಕೆ ಸರ್?”

ಒತ್ತಡ, ಕ್ಯಾಮರಾ, ಗಲಿಬಿಲಿ ಎಂಬ ಮಾತುಗಳೆಲ್ಲ ನನ್ನ ಹತ್ತಿರ ಇದ್ದವು. “ಸೋಲಲಿಕ್ಕೆ ಮನಸ್ಸಿರಲಿಲ್ಲ” ಎಂದೆ.

ಸದಾನಂದ ಹೂವಿಗೆ ಕೈ ಚಾಚಿದ. ಜೆಸಿಂತಾ ಕೊನೆಯ ಚೆಂಡು ಎಣಿಸಲು ಎತ್ತಿಕೊಂಡಳು. ಸೆವ್ರಿನ್ ಬಾಯಿ ಅದನ್ನು ಅವಳ ಕೈಯಿಂದ ತೆಗೆದು ಸದಾನಂದನಿಗೆ ಕೊಟ್ಟರು. “ಎಣಿಸುದು ಬೇಡ. ಎಂಟ್ನೂರು ಉಂಟು” ಎಂದರು.

ಇವತ್ತು ಶನಿವಾರ. ಮಧ್ಯಾಹ್ನ ಅವರ ಫೋನು ಬಂದಿತ್ತು. ನಾಳೆ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಅವರ ವಾಳೆಯವರೆಲ್ಲ ಸೇರುತ್ತಾರಂತೆ. ವಾಳೆ ಎಂದರೆ ಚರ್ಚಿಗೆ ಸೇರಿದ ಒಂದು ಕೇರಿ, ಮೂವತ್ತು ನಲವತ್ತು ಮನೆಯವರು. “ನೀವು ಬಂದು ಒಮ್ಮೆ ಹೇಳಿ ಹೋಗಿ ಸರ್. ಮೈಕ್ ಉಂಟು” ಎಂದರು. ಹೆಂಡತಿಗೆ ನಿನ್ನೆಯೇ ಎಲ್ಲ ಹೇಳಿದ್ದೇನೆ. ಅವಳು ನನ್ನ ಬಿಳಿ ಅಂಗಿಗೆ ಬೇಕಾದ್ದಕ್ಕಿಂತ ಜೋರಾಗಿ ಒತ್ತಿ ಇಸ್ತ್ರಿ ಹಾಕುತ್ತಿದ್ದಾಳೆ. ನನಗೆ ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ. ಹೋಗುತ್ತೇನೆ. ಬೆಳಿಗ್ಗೆ ಏಳೂವರೆಗೆ ಬಸ್ಸು ಉಂಟು.