ಮೂವತ್ತೊಂದು ದಿನಗಳ ಬಿಳಿ ಜಾಗ

ಅಂತರ್ಜಲ ಮಾಪನ ಕಚೇರಿಯ ಯಂತ್ರಕೋಣೆಯಲ್ಲಿ ಇಪ್ಪತ್ತಾರು ವರ್ಷ ಒಂದು ದಿನದ ಅಳತೆಯನ್ನೂ ಕೈಬಿಡದೆ ದುಡಿದವರು, ಈಗ ನಿವೃತ್ತರಾಗುತ್ತಿರುವ ಹಿರಿಯ ಆಪರೇಟರರು. ಎಲ್ಲರ ಬಾಯಲ್ಲಿ ಅವರು ‘ಗೀಟಪ್ಪನವರು’. ಕಂಪ್ಯೂಟರಿಗೆ ಬರೆಯುವ ಒಂದು ಆದೇಶದ ಉತ್ತರವನ್ನು ಇನ್ನೊಂದು ಆದೇಶದೊಳಗೆ ಕೂರಿಸುವಾಗ ಅವರು ಹಳೆಯ ಕ್ರಮವನ್ನೇ ಬಳಸುತ್ತಿದ್ದರು: ಎರಡು ಬದಿಗೂ ಹಿಂದಕ್ಕೆ ವಾಲಿದ ಒಂದೊಂದು ಪುಟ್ಟ ಗೀಟು. ಹೆಸರು ಬಂದದ್ದು ಅದರಿಂದ.

ಸಂಜೆ ತರಗತಿಯಲ್ಲಿ ಕಲಿತು ಬಂದ ಪುಕ್ಕಲು ಸಹಾಯಕಿಗೆ ಅವರು ತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿದರು. ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಮುಖ ಗಂಟಿಕ್ಕಲಿಲ್ಲ. ಈ ಲೇಖನ ಬರೆಯುತ್ತಿರುವವಳೂ ಅವಳೇ. ಅವಳು ಕಲಿತದ್ದು ಹೊಸ ಕ್ರಮ: ಡಾಲರ್ ಚಿಹ್ನೆ, ಅದರ ಮುಂದೆ ಕಂಸ. ಒಂದರೊಳಗೊಂದು ಕೂರಿಸಿದರೂ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂಬುದು ಕಣ್ಣಿಗೆ ಕಾಣುತ್ತದೆ.

“ಸರ್, ನಿಮ್ಮ ಗೀಟಲ್ಲಿ ಒಳಗೆ ಹೋಗೋ ಬಾಗಿಲು ಯಾವುದು, ಹೊರಗೆ ಬರೋದು ಯಾವುದು ಅಂತಾನೇ ಗೊತ್ತಾಗಲ್ಲ,” ಎಂದಳು.

“ಬದಲಾಯಿಸಮ್ಮ, ನನ್ನ ಕಣ್ಣೂ ಮಂಜಾಗಿದೆ. ಆದ್ರೆ ಆ ಮೂಲೇಲಿರೋ ಅಜ್ಜನ್ನ ಮಾತ್ರ ಮುಟ್ಟಬೇಡ. ಹಳೇ ಕಾಲದೋನು, ಅವನ ಹತ್ರ ನಿನ್ನ ಡಾಲರ್ ನಡೆಯಲ್ಲ.”

ಅಜ್ಜನೆಂದರೆ ಅರವತ್ತು ಬಾವಿಗಳ ಮಾಪಕಗಳಿಂದ ದಿನವೂ ಅಳತೆ ತರಿಸಿಕೊಳ್ಳುವ ಹಳೆಯ ಯಂತ್ರ. ಗೀಟಿನ ಬದಲು ಕಂಸ ಹಾಕಿ ತಿದ್ದಿದ ಆದೇಶಗಳ ಕಡತಗಳನ್ನು ಅವಳು ಒಂದೇ ಏಟಿಗೆ ಎಲ್ಲ ಯಂತ್ರಗಳಿಗೂ ಕಳಿಸಿದಳು. ಪಟ್ಟಿಯಿಂದ ಅಜ್ಜನನ್ನು ತೆಗೆಯಲು ಮರೆತಳು. ಹೊಸ ಯಂತ್ರಗಳು ಸರಾಗವಾಗಿ ಓಡಿದವು. ಅಜ್ಜ ಕಂಸ ಕಂಡಲ್ಲೇ ನಿಂತ. ತನ್ನೊಳಗೇ ಇದ್ದ, ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ದಿನಕ್ಕೊಂದು ದೂರು ಹಾಕುತ್ತ ಹೋದ. ಗೊತ್ತಾದದ್ದು ನಲವತ್ತೊಂದು ದಿನ ಕಳೆದ ಮೇಲೆ. ಹಳೆಯ ಗೀಟುಗಳನ್ನು ವಾಪಸು ಹಾಕಿದಾಗ ಅಜ್ಜ ಮತ್ತೆ ಓಡಿದ, ಆದರೆ ಮಾಪಕಗಳು ಹಿಡಿದಿಡುವುದು ಕೊನೆಯ ಹತ್ತೇ ದಿನದ ಅಳತೆ. ಉಳಿದ ಮೂವತ್ತೊಂದು ದಿನಗಳು ಹೋದವು.

“ವರದೀಲಿ ನನ್ನ ಹೆಸರೇ ಬರೀರಿ ಸರ್.”

“ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಬಾಯಿ ಮುಚ್ಕೊಂಡು ಕೂತ್ಕೋ ತಾಯಿ.”

ಅವಳು ಕೂತಳು. ‘ತಪ್ಪು ನನ್ನದು’ ಎಂದು ಅವರು ಸಹಿ ಹಾಕಿದರು. ಸೇವೆಯ ಕೊನೆಯ ಎರಡು ವರ್ಷ ಮೇಲಧಿಕಾರಿಗಳು ಅವರನ್ನು ಟಪಾಲು ವಿಭಾಗದಲ್ಲಿ ಲಕೋಟೆ ಅಂಟಿಸಲು ಕೂರಿಸಿದರು. ಅವರ ಕುರ್ಚಿ ಅವಳಿಗೆ ಬಂತು. ನೌಕರಿ ಕಾಯಂ ಆಯಿತು, ಆಮೇಲೂ ಅವಳ ಬಾಯಿ ತೆರೆಯಲಿಲ್ಲ. ಊಟದ ಹೊತ್ತಿಗೆ ಅವರು ಬಂದು ಬಾಗಿಲಲ್ಲೇ ನಿಂತು, “ಅಜ್ಜ ಹೇಗಿದಾನೆ?” ಎಂದು ಕೇಳಿ ಹೋಗುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ.

ಅವರ ನಿವೃತ್ತಿಗೆಂದು ಕಚೇರಿ ತರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ಬರೆಯಲು ಅವಳು ಒಪ್ಪಿದ್ದು ಇಷ್ಟನ್ನು ಹೇಳಲೆಂದೇ. ಗೀಟಪ್ಪನವರು ನೂರ್ಕಾಲ ಆರೋಗ್ಯದಿಂದಿರಲಿ. ಅಜ್ಜ ಇರುವವರೆಗೂ ಅವರ ಗೀಟುಗಳು ಅವನೊಳಗೆ ದುಡಿಯುತ್ತಿರಲಿ. ದಾಖಲೆ ಪುಸ್ತಕದಲ್ಲಿ ‘ಕಾರಣ’ದ ಮುಂದಿದ್ದ ಅವರ ಹೆಸರನ್ನು ಹೊಡೆದು ಅವಳು ತನ್ನದನ್ನು ಬರೆದಿದ್ದಾಳೆ. ಅದರ ಮೇಲೆ, ಅಳತೆ ಬರೆಯಬೇಕಿದ್ದ ಮೂವತ್ತೊಂದು ಮನೆಗಳು ಈಗಲೂ ಬಿಳಿಯಾಗಿಯೇ ಇವೆ. ಟಪಾಲಿನ ಆ ಎರಡು ವರ್ಷಗಳನ್ನು ಯಾವ ಪುಸ್ತಕದಲ್ಲಿ ತಿದ್ದಬೇಕೆಂದು ಅವಳಿಗೆ ತಿಳಿಯದು.