ಡಿಕ್ಕಿಯೊಳಗಿನ ಗೋಣಿಚೀಲ

ಡಿಕ್ಕಿಯ ಬಾಗಿಲು ಎದ್ದ ಕೂಡಲೇ ಮೊದಲು ಬಂದದ್ದು ವಾಸನೆ. ಗೋಣಿನಾರಿನ ಒಣ ವಾಸನೆ, ಅದರೊಳಗೆ ಇಂಗಿಹೋದ ಹಳೆಯ ಎಂಜಿನ್ ಎಣ್ಣೆಯದು, ಇನ್ನೂ ಹಿಂದೆ ಎಲ್ಲೋ ಅಕ್ಕಿಯ ತೌಡಿನದು. ಅಪ್ಪ ತೀರಿಕೊಂಡ ಮೇಲೆ ಯಾರೂ ಮುಟ್ಟದೆ ಬಿಟ್ಟಿದ್ದ ಅಂಬಾಸಿಡರ್ ಕಾರು ಅದು. ಬೀಗ ತುಕ್ಕು ಹಿಡಿದಿದ್ದ ಡಿಕ್ಕಿಯನ್ನು ತಮ್ಮ ಬಸು ಮೀಟಿ ತೆಗೆದಿದ್ದ. ಒಳಗೆ ಸ್ಟೆಪ್ನಿಯ ಮೇಲೆ, ನಾಲ್ಕು ಮಡಿಕೆ ಮಾಡಿ ಇಟ್ಟ ಒಂದು ಗೋಣಿಚೀಲ. ಕಂಪ್ಲಿಯ ಅಕ್ಕಿ ಬರುತ್ತಿದ್ದ ಚೀಲ. ಅಂಚಿನಲ್ಲಿ ಮಾಸಿದ ನೀಲಿ ಗೆರೆ. "ತಗದು ಕಸದಾಗ ಒಗಿಯಕ್ಕ, ಇಲಿ ಗಿಲಿ ಇದ್ದೀತು," ಎಂದ ಬಸು. ನಾನು ಒಗೆಯಲಿಲ್ಲ. ಎತ್ತಿಕೊಂಡು ಮುಖಕ್ಕೆ ಒತ್ತಿಕೊಂಡೆ. ನನ್ನ ಬಾಲ್ಯವೆಲ್ಲ ಆ ನಾರಿನಲ್ಲಿ ಕೂತಿದೆ ಅನ್ನಿಸಿ ಕಣ್ಣು ತುಂಬಿತು. ಮನೆಯೊಳಗೆ ತಂದು ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗೆ ಜೋಪಾನ ಮಾಡಿದೆ. ಹಾಗೆ ಮುಖಕ್ಕೆ ಒತ್ತಿಕೊಂಡ ನನ್ನ ಮೇಲೆ ಈಗ ನನಗೆ ಬರುವಷ್ಟು ಸಿಟ್ಟು ಇನ್ನಾರ ಮೇಲೂ ಬರುವುದಿಲ್ಲ.

ಹೊಸಪೇಟೆಯಲ್ಲಿ ನಮ್ಮ ಹಳೆಯ ಮನೆ ಇದ್ದ ಜಾಗದಲ್ಲಿ ಈಗ ಬಸುವಿನ ಎರಡಂತಸ್ತಿನ ಮನೆ ಇದೆ. ಹಳೆಯದರಲ್ಲಿ ಉಳಿದಿರುವುದು ಕಾರು ನಿಲ್ಲುತ್ತಿದ್ದ ತಗಡಿನ ಶೆಡ್ಡು, ಅದರ ಕಲ್ಲುಗೋಡೆ, ಗೋಡೆಯಲ್ಲೊಂದು ಮೊಳೆ. ಆ ಮನೆಯನ್ನು ಕಣ್ಣು ಮುಚ್ಚಿಕೊಂಡೇ ಮತ್ತೆ ಕಟ್ಟಬಲ್ಲೆ ಎಂದು ನಂಬಿದ್ದೆ. ಬೆಳಿಗ್ಗೆ ಅಜ್ಜಿಯ ಬರಿಗೈ ರೊಟ್ಟಿ ಬಡಿಯುವ ಸದ್ದು, ಪಡಸಾಲೆಯ ಗೂಡಿನಲ್ಲಿ ವಿಭೂತಿ ಗಟ್ಟಿ, ಮಧ್ಯಾಹ್ನದ ಬಿಸಿಲಿಗೆ ಚಟಪಟ ಎನ್ನುವ ತಗಡು, ಸಂಜೆ ಕಾಲುವೆ ಕಡೆಯಿಂದ ಗಾಳಿ ತಿರುಗಿದಾಗ ಬಾಳೆತೋಟದ ಹಸಿ ವಾಸನೆ. ಅಪ್ಪ ಅಕ್ಕಿ ವ್ಯಾಪಾರಿ; ವಾರಕ್ಕೊಮ್ಮೆ ಸಂಡೂರಿಗೂ ದೋಣಿಮಲೈಗೂ ಹೋಗಿ ಬರುತ್ತಿದ್ದರು. ಬಿಳಿ ಕಾರು ಬೆಳಿಗ್ಗೆ ಬಿಳಿಯಾಗಿ ಹೋಗಿ, ಸಂಜೆ ಅದಿರಿನ ಧೂಳಿನಲ್ಲಿ ಕೆಂಪಾಗಿ ಬರುತ್ತಿತ್ತು. ಬಾಗಿಲ ಸಂದಿಯ ಆ ಧೂಳನ್ನು ಬೆರಳಲ್ಲಿ ತೆಗೆದು ಕೆನ್ನೆಗೆ ಹಚ್ಚಿಕೊಂಡು ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದೆ. ಬೈದ ಮೇಲೆ ಅವಳೇ ಸೆರಗಿನಿಂದ ಒರೆಸುತ್ತಿದ್ದಳು. ಆ ಸೆರಗಿನಷ್ಟು ಮೆತ್ತನೆಯದು ನನ್ನ ಕೆನ್ನೆಗೆ ಮತ್ತೆ ತಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದೂ ಅದೇ ಅಜ್ಜಿಯ ಬಗ್ಗೆ.

ಬಸು ಕಾರಿಗೆ ಕೈ ಹಾಕಿ ಏಳೆಂಟು ತಿಂಗಳಾಗಿತ್ತು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬಂದವನು ಬಟ್ಟೆ ಬದಲಿಸಿ ನೇರ ಶೆಡ್ಡಿಗೆ ಇಳಿಯುತ್ತಿದ್ದ. ತುಕ್ಕು ತಿಂದಿದ್ದ ತಳದ ತಗಡು ಕತ್ತರಿಸಿ ಹೊಸದು ಬೆಸುಗೆ ಹಾಕಿಸಿದ, ಎಂಜಿನ್ ಇಳಿಸಿ ಬಿಚ್ಚಿ ತೊಳೆದ, ಎ.ಸಿ. ಕೂರಿಸಿದ, ಪವರ್ ಸ್ಟೀರಿಂಗ್ ಹಾಕಿದ, ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು ತಂದ. ಅವನ ಶ್ರದ್ಧೆಯನ್ನು ನಾನು ಹಗುರ ಮಾಡುತ್ತಿಲ್ಲ. ಅಪ್ಪನ ನೆನಪಿನ ದಿನ ಬಂಧುಗಳನ್ನೆಲ್ಲ ಕರೆದು ಅವರ ಕಣ್ಣೆದುರು ಕಾರನ್ನು ಶೆಡ್ಡಿನಿಂದ ಹೊರಗೆ ತರುವುದು ಅವನ ಆಸೆ. "ನೀ ಓದಿದಾಕಿ, ಎರಡು ಪುಟ ಬರಕೊಡಕ್ಕ. ಅಪ್ಪ ತನ್ನ ಕೈಯಾರೆ ಈ ಕಾರ್ ಹೆಂಗ ಸಾಕಿದ ಅಂತ. ಫ್ರೇಮ್ ಹಾಕಿಸಿ ಶೆಡ್ಡಿನಾಗ ತೂಗು ಹಾಕ್ತೀನಿ," ಎಂದ. ಅಪ್ಪ ಆ ಕಾರಿಗೆ ಕೈಯಾರೆ ಮಾಡಿದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದದ್ದು ಒಂದೇ. ಕಾರನ್ನು ಸಾಕಿದವರು ಮಾರೆಪ್ಪನವರು. ಈ 'ನವರು' ನಾನು ತಡವಾಗಿ ಕಲಿತದ್ದು. ಮನೆಯಲ್ಲಿ ಎಲ್ಲರಿಗೂ, ಹತ್ತು ವರ್ಷದ ನನಗೂ, ಅವರು ಬರೀ ಮಾರ್ಯಾ. ಅವರ ಬಾಯಲ್ಲಿ ಮಾತ್ರ ನಾನು ಸಣ್ಣಮ್ಮಾರು.

ಬಸುವಿಗಾಗಿ ನಾನು ಮೊದಲು ಬರೆದ ಎರಡು ಪುಟಗಳಲ್ಲಿ ಅವರಿದ್ದರು. ತುಂಬ ಚೆನ್ನಾಗಿ ಬರೆದಿದ್ದೇನೆಂದು ಹೆಮ್ಮೆಪಟ್ಟಿದ್ದೆ. ಊರ ಹೊರಗಿನ ಕೇರಿಯಿಂದ ಸೈಕಲ್ ತುಳಿದುಕೊಂಡು ಬಂದು, ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿ, ಕಿವಿಯನ್ನು ಎಂಜಿನ್ನಿಗೆ ಕೊಟ್ಟು ನಿಲ್ಲುವ ಎತ್ತರದ ಮನುಷ್ಯ. ರಿಪೇರಿಯಾದ ಮೇಲೆ ಟ್ರಯಲ್. ಅದು ನನ್ನ ಹಬ್ಬ. ಅಜ್ಜಿ "ಗ್ರೀಸ್ ಆಗ್ತೈತಿ" ಎನ್ನುತ್ತ ಗೋಡೆಯ ಮೊಳೆಯಿಂದ ಗೋಣಿಚೀಲ ತೆಗೆದು ಡ್ರೈವರ್ ಕೂರುವ ಕಡೆ ಹಾಸುತ್ತಿದ್ದಳು. ಅವರು ಅದರ ಮೇಲೆ ಕೂರುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ. ಕಿಟಕಿ ಪೂರ್ತಿ ಇಳಿಸಿ, ಕಾಲುವೆ ಏರಿಯ ಮೇಲೆ ಡ್ಯಾಮಿನ ತಿರುವಿನವರೆಗೆ. "ಕೇಳ್ರಿ ಸಣ್ಣಮ್ಮಾರ, ಈಗ ಹೆಂಗ ಉಸಿರಾಡಾಕತ್ತೈತಿ," ಎನ್ನುತ್ತಿದ್ದರು. ನಾನು ಎಲ್ಲ ತಿಳಿದವಳ ಹಾಗೆ "ಹ್ಞೂಂ, ಈಗ ಆರಾಮ ಐತಿ" ಎನ್ನುತ್ತಿದ್ದೆ. ವಾಪಸು ಬಂದ ಮೇಲೆ ಅಜ್ಜಿ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಮತ್ತೆ ಮೊಳೆಗೆ ಹಾಕಿ, ಸ್ಟೀರಿಂಗಿಗೆ ವಿಭೂತಿ ಎಳೆಯುತ್ತಿದ್ದಳು. ಎಣ್ಣೆಯೂ ವಿಭೂತಿಯೂ ಒಂದೇ ಶೆಡ್ಡಿನಲ್ಲಿ ಕಲೆತು ಬಾಳಿದ ಮನೆ ನಮ್ಮದು ಎಂದು ಮುಗಿಸಿದ್ದೆ. ಥೂ.

ಅದಾದ ಮುಂದಿನ ವಾರ ಬಸು ಮುಂದಿನ ಸೀಟನ್ನು ಹೊರಗೆ ತೆಗೆದ. ಆ ಕಾಲದ ಕಾರು, ಮುಂದೆ ಒಂದೇ ಉದ್ದನೆಯ ಸೀಟು. ಅಪ್ಪ ಕೊನೆಗಾಲದಲ್ಲಿ ಹೊದಿಸಿದ್ದ ಹೂವಿನ ಕವರು ಸುಲಿದಾಗ ಕೆಳಗಿನ ಹಳೆಯ ಕಂದು ರೆಕ್ಸಿನ್ ಕಂಡಿತು. ಡ್ರೈವರ್ ಕೂರುವ ಕಡೆ ಎರಡು ಅಂಗೈ ಅಗಲದ ಕಪ್ಪು ಗ್ರೀಸ್ ಕಲೆ. "ವೀರೇಶ ಮಾಮಂದು," ಎಂದು ಬಸುವೇ ನಕ್ಕ. ನನಗೂ ನೆನಪಾಯಿತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮಾರೆಪ್ಪನವರು ದೋಣಿಮಲೈ ಕಡೆ ಕೆಲಸ ಸಿಕ್ಕು ಹೋದರು. ಆಮೇಲೆ ಕಾರು ನೋಡಿಕೊಂಡವರು ಅಜ್ಜಿಯ ತವರಿನ ವೀರೇಶ ಮಾಮ, ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಮೆಕ್ಯಾನಿಕ್. ಗ್ರೀಸಿನಲ್ಲಿ ಅದ್ದಿ ತೆಗೆದಂಥ ಪೈಜಾಮದಲ್ಲೇ ಬರುತ್ತಿದ್ದರು, ಹಾಗೇ ಸೀಟಿಗೆ ಕೂರುತ್ತಿದ್ದರು. ಅಜ್ಜಿ ಮಜ್ಜಿಗೆಯ ಲೋಟವನ್ನು ಕಿಟಕಿಯೊಳಗೇ ಕೊಡುತ್ತಿದ್ದಳು. ಅವರಿಗೆ ಚೀಲ ಇರಲಿಲ್ಲ. ಚೀಲ ಮೊಳೆಯಿಂದ ಇಳಿದು ಡಿಕ್ಕಿಗೆ ಹೋದದ್ದು ಆಗಲೇ ಇರಬೇಕು. ಇನ್ನು ಅದರ ಅಗತ್ಯವಿರಲಿಲ್ಲವಲ್ಲ.

"ಬಸು, ಆ ಚೀಲ ಗ್ರೀಸಿಗೆ ಅಲ್ಲ," ಎಂದೆ.

"ಮತ್ಯಾಕ?"

"ಮಾರೆಪ್ಪಗ."

ಅವನು ಸ್ಪ್ಯಾನರ್ ಕೆಳಗಿಟ್ಟ. "ನಿಂದೊಂದು ಶುರುವಾತು ನೋಡು. ಅಜ್ಜಿ ಹಬ್ಬಕ್ಕ ಅವಗ ಹೋಳಿಗಿ ಕೊಡ್ತಿದ್ಲು, ಅದು ನೆನಪಿಲ್ಲೇನು?"

"ಕೊಡ್ತಿದ್ಲು. ಎಲಿಯಾಗ ಹಾಕಿ, ಶೆಡ್ಡಿನಾಗ."

"ಆ ಕಾಲ ಹಂಗಿತ್ತಕ್ಕ. ಸತ್ತಾಕೀನ ಯಾಕ ಎಳದು ತರ್ತಿ?"

ಆ ಕಾಲ ಹಾಗಿತ್ತು ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ಕಾಲ ಬಂದು ಮೊಳೆಯಿಂದ ಚೀಲ ಇಳಿಸಲಿಲ್ಲ. ಒಂದು ಕೈ ಇಳಿಸಿತು. ಆ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ: ಚೀಲವನ್ನು ಒಮ್ಮೆ ಜಾಡಿಸಿದಾಗ ಗಲ್ಲೆನ್ನುವ ಹಸಿರು ಗಾಜಿನ ಬಳೆಗಳು, ಅದರ ತುದಿಯನ್ನು ಸೀಟಿನ ಸಂದಿಗೆ ತುರುಕುವ ಬೆರಳುಗಳು. ಹಾಗೆಂದು ಬಸುವಿನ ಮೇಲೆ ಕೂಗಾಡಿದೆ. ಅಜ್ಜಿಯ ಫೋಟೋದ ಕಡೆ ಒಂದು ವಾರ ನೋಡಲಿಲ್ಲ. ವಿಶ್ವವಿದ್ಯಾಲಯದಲ್ಲಿ ನಾಲ್ಕು ಪುಸ್ತಕ ಓದಿದವಳಿಗೆ ಸತ್ತವರ ಮೇಲೆ ಸಿಟ್ಟಾಗುವುದು ಎಷ್ಟು ಸಲೀಸು ಎಂದು ಆಗ ಹೊಳೆಯಲಿಲ್ಲ.

ಎಂಜಿನ್ ಕೂರಿಸಿ ಚಾಲೂ ಮಾಡಿದಾಗ ಕಾರು ಸರಿಯಾಗೇ ಎದ್ದಿತು. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಎರಡು ಮೈಲಿ ಹೋಗುವಷ್ಟರಲ್ಲಿ ನಿಂತುಬಿಡುತ್ತಿತ್ತು. ತಣ್ಣಗಾದ ಮೇಲೆ ಏನೂ ಆಗದಂತೆ ಮತ್ತೆ ಏಳುತ್ತಿತ್ತು. ಬಸು ಕಾರ್ಬ್ಯುರೇಟರ್ ಬದಲಿಸಿದ, ಪ್ಲಗ್ಗು ಬದಲಿಸಿದ, ಯಾರ್ಯಾರದೋ ವಿಡಿಯೋ ನೋಡಿದ. ಕೊನೆಗೆ ನನ್ನ ಮುಖ ನೋಡದೆ, "ಮಾರ್ಯಾ ಇನ್ನೂ ಅದಾನೇನು?" ಎಂದ. ಹುಡುಕಿ ಫೋನ್ ಮಾಡಿದೆ. ಎತ್ತಿದವರು ಅವರ ಮಗಳು ಸುಜಾತ, ಸಂಡೂರಿನಲ್ಲಿ ಉಪನ್ಯಾಸಕಿ. ನಾನು ಯಾರೆಂದು ಹೇಳಿದೆ, ಕಾರಿನ ಕತೆ ಹೇಳಿದೆ. "ಅಪ್ಪ ಹೋದ ವರ್ಷ ಆಸ್ಪತ್ರ್ಯಾಗ ಇದ್ರು. ಆವಾಗ ನಿಮ್ಮ ಕಡಿಂದ ಯಾರೂ ಫೋನ್ ಮಾಡ್ಲಿಲ್ರಿ," ಎಂದರು. "ಈಗ ಕಾರಿಗೆ ಆರಾಮಿಲ್ಲೇನ್ರಿ?" ಹಿಂದಿನಿಂದ ಒಂದು ಮುದಿ ದನಿ, "ಯಾವ ಕಾರು ಯವ್ವಾ? ಬಿಳೀದಾ?" ಎಂದು ಕೇಳಿದ್ದು ನನಗೂ ಕೇಳಿಸಿತು.

ಭಾನುವಾರ ಸುಜಾತ ಅವರ ಕಾರು ಗೇಟಿನ ಮುಂದೆ ನಿಂತಿತು. ಇಳಿದ ಮಾರೆಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟಿನಲ್ಲಿದ್ದರು. ಆ ಎತ್ತರ ಸ್ವಲ್ಪ ಬಾಗಿತ್ತು. ನಾನು "ಒಳಗ ಬರ್ರಿ, ಕುಂದ್ರಿ" ಎಂದರೂ ಅವರ ಕಾಲು ತಾನೇ ಶೆಡ್ಡಿನ ಕಡೆ ತಿರುಗಿತು. ಬಾನೆಟ್ಟಿನೊಳಗೆ ಬಗ್ಗಿ ನೋಡಿ, ಪೆಟ್ರೋಲ್ ಪಂಪಿನ ಬುಡಕ್ಕೆ ಬೆರಳು ತೋರಿಸಿದರು. "ಇಲ್ಲೊಂದು ಕರೇ ತುಂಡು ಇತ್ತಲ್ರಿ?"

"ಯಾರೋ ಏನೋ ಜೋಡಿಸ್ಯಾರ ಅಂತ ತಗದು ಒಗದೆ," ಎಂದ ಬಸು.

"ಯಾರೋ ಅಲ್ರಿ, ನಾನ," ಎಂದು ಅವರು ನಕ್ಕರು. "ಸಂಡೂರು ಘಾಟಿನಾಗ ಎಂಜಿನ್ ಕಾವು ಪಂಪಿಗೆ ಹತ್ತಿ ಪೆಟ್ರೋಲು ಆವಿ ಆಗಿಬಿಡ್ತಿತ್ತು. ನಿಮ್ಮ ತಂದಿಯೋರು ಪಂಪಿಗೆ ಹಸಿ ಬಟ್ಟಿ ಸುತ್ತಿಗೊಂಡು ಹೋಗೋರು. ಅದಕ್ಕ ನಡುವ ಕಾವು ದಾಟಲಾರದಂಗ ಒಂದು ತುಂಡು ಕೊರದು ಕೂಡ್ರಿಸಿದ್ದೆ."

ಗುಜರಿ ಡಬ್ಬದ ತಳದಲ್ಲಿ ಅದು ಸಿಕ್ಕಿತು. ಅವರು ಹೇಳಿದರು, ಬಸು ಬಿಗಿದ. ಅವರ ಬಿಳಿ ಬಟ್ಟೆಗೆ ಒಂದು ಚುಕ್ಕೆಯೂ ತಾಗಲಿಲ್ಲ. ಉರಿಬಿಸಿಲಲ್ಲಿ ಅರ್ಧ ಗಂಟೆ ಎಂಜಿನ್ ಓಡಿಸಿದರೂ ಕಾರು ಒಮ್ಮೆಯೂ ತಡವರಿಸಲಿಲ್ಲ. ಬಸು ಖುಷಿಯಲ್ಲಿ ಡ್ರೈವರ್ ಕಡೆಯ ಬಾಗಿಲು ತೆರೆದು, "ಟ್ರಯಲ್ ನೀವ ನೋಡ್ರಿ," ಎಂದ. ಒಳಗೆ ಹೊಸ ಸೀಟುಗಳು, ಕೆನೆ ಬಣ್ಣದವು. ಮಾರೆಪ್ಪನವರು ಸೀಟನ್ನು ನೋಡಿದರು. ಗೋಡೆಯ ಮೊಳೆಯನ್ನು ನೋಡಿದರು. "ಚೀಲ ಎಲ್ಲೈತ್ರಿ, ಸಣ್ಣಮ್ಮಾರ?"

ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಮಾತು ಒಂದೇ ಉಸಿರಿಗೆ ಹೊರಬಿತ್ತು. "ಚೀಲ ಬ್ಯಾಡ್ರಿ. ಹಂಗ ಕುಂದ್ರಿ. ಆವಾಗೂ ಬೇಕಿರ್ಲಿಲ್ಲ. ಅಜ್ಜಿ ಮಾಡಿದ್ದು ಭಾಳ ತಪ್ಪು."

ಅವರು ನನ್ನನ್ನು ಹಳೆಯ ಪ್ರೀತಿಯಲ್ಲೇ ನೋಡಿದರು. "ದೊಡ್ಡಮ್ಮಾರು ಆ ಚೀಲ ಯಾವತ್ತು ಮುಟ್ಯಾರ್ರಿ? ಅವರು ಕಟ್ಟಿ ಮ್ಯಾಲ ನಿಂತು ಹೇಳೋರು. ಚೀಲ ಹಾಸೋರು ನೀವ ಅಲ್ಲೇನ್ರಿ? ಒಂದು ಸುಕ್ಕು ಇರಲಾರದಂಗ ಹಾಸ್ತಿದ್ರಿ. ಮನಿಗೆ ಹೋಗಿ ನಮ್ಮಾಕಿ ಮುಂದ ಹೇಳ್ತಿದ್ದೆ, ಆ ಹುಡುಗಿ ಕೈ ಭಾಳ ಅಚ್ಚುಕಟ್ಟು ಅಂತ."

ಇಲ್ಲ ಎನ್ನಲು ಬಾಯಿ ತೆರೆದೆ. ಆಗ ನೆನಪಿನ ಆ ಹಸಿರು ಬಳೆಗಳು ಗಲ್ಲೆಂದವು. ಅಜ್ಜ ತೀರಿಹೋದದ್ದು ನಾನು ಹುಟ್ಟುವ ಮೊದಲು. ಅಜ್ಜಿಯ ಕೈಯಲ್ಲಿ ನಾನು ಒಂದು ದಿನವೂ ಗಾಜಿನ ಬಳೆ ಕಂಡವಳಲ್ಲ. ಆ ಮನೆಯಲ್ಲಿ ಹಸಿರು ಬಳೆ ಬೇಕೆಂದು ಹಟ ಮಾಡಿ ಮೊಣಕೈವರೆಗೆ ತೊಡುತ್ತಿದ್ದವಳು ಒಬ್ಬಳೇ. ಮಾರೆಪ್ಪನವರು ಕೂತೆದ್ದ ಚೀಲವನ್ನು ಅಜ್ಜಿ ಮುಟ್ಟುವುದಾದರೂ ಹೇಗೆ? ಇಷ್ಟು ಸಣ್ಣ ಲೆಕ್ಕ ನನಗೆ ಯಾಕೆ ಹತ್ತಲಿಲ್ಲ? ಇಷ್ಟು ವರ್ಷ ನನ್ನ ಕೈಯನ್ನೇ ತೆಗೆದು ಅವಳಿಗೆ ಜೋಡಿಸಿ, ಅದರ ಮೇಲೆ ಸಿಟ್ಟಾಗಿ, ಆ ಸಿಟ್ಟಿಗೂ ಹೆಮ್ಮೆಪಟ್ಟಿದ್ದೆ.

ಸುಜಾತ ಬಸುವಿನ ಮುಂದೆ ಅಂಗೈ ಚಾಚಿದರು. "ಕೀಲಿ ಕೊಡ್ರಿ." ಡ್ರೈವರ್ ಸೀಟಿನಲ್ಲಿ ಕೂತು, "ಈ ಕಡೆ ಬಾರಪ್ಪ. ನಾ ಓಡಿಸ್ತೀನಿ, ನೀ ಕೇಳು," ಎಂದರು. ಮಾರೆಪ್ಪನವರು ಕಾರಿನ ಮುಂದಿನಿಂದ ಸುತ್ತಿ ಹೋದರು. ಎಡಗಡೆಯ ಬಾಗಿಲಲ್ಲಿ ನಿಂತು, ಏನೂ ಇಲ್ಲದ ಬಿಳಿ ಪ್ಯಾಂಟಿನ ಹಿಂಭಾಗವನ್ನು ಎರಡೂ ಕೈಯಿಂದ ಒಮ್ಮೆ ಜಾಡಿಸಿಕೊಂಡರು. ಕೂತರು. ಕಾರು ಕಾಲುವೆ ರಸ್ತೆಯ ಕಡೆ ತಿರುಗಿತು. ಹಿಂದಿನ ಸೀಟು ಖಾಲಿ ಇತ್ತು. ನನ್ನನ್ನು ಯಾರೂ ಕರೆಯಲಿಲ್ಲ. ಮರಳಿ ಬಂದಾಗ ಅವರು, "ಈಗ ಆರಾಮ ಐತ್ರಿ," ಎಂದಷ್ಟೇ ಹೇಳಿ ಮಗಳ ಕಾರು ಹತ್ತಿದರು. ಅವರು ಕೂತಿದ್ದ ಕಡೆ ಸೀಟಿನ ತಗ್ಗು ನಿಧಾನವಾಗಿ ಮೇಲೆದ್ದು ಸಮವಾಗುವುದನ್ನು ನಾನೂ ಬಸುವೂ ನೋಡುತ್ತ ನಿಂತೆವು.

ಮೊದಲಿನ ಎರಡು ಪುಟ ಹರಿದು ಹಾಕಿದ್ದೇನೆ. ಬಸುವಿಗೆ ಕೊಡುವುದು ಇದನ್ನೇ. ಫ್ರೇಮು ಹಾಕಿಸುವುದು ಬಿಡುವುದು ಅವನಿಗೆ ಸೇರಿದ್ದು. ಆ ಮನೆಯಲ್ಲಿ ಇದಕ್ಕೆ ಹೌದು ಎನ್ನುವವರೂ ಅಲ್ಲ ಎನ್ನುವವರೂ ಈಗ ಉಳಿದಿಲ್ಲ. ರೊಟ್ಟಿಯ ಸದ್ದಿಲ್ಲ, ಕಟ್ಟೆಯಿಲ್ಲ, ಕಟ್ಟೆಯ ಮೇಲೆ ನಿಂತು ಹೇಳುವವಳಿಲ್ಲ. ಮಾರೆಪ್ಪನವರೂ ಸುಜಾತ ಅವರೂ ಬಂದು ಹೋದ ದಿನ ಸಂಜೆ ಬೀರುವಿನಿಂದ ಚೀಲ ತೆಗೆದು ಅಂಗಳಕ್ಕೆ ಹೋದೆ. ಹಳೆಯ ಸೀಟು ಇನ್ನೂ ಗೋಡೆಗೆ ಒರಗಿಕೊಂಡಿತ್ತು. ಅದನ್ನು ನೆಲಕ್ಕೆ ಇಳಿಸಿ, ಚೀಲ ಒಮ್ಮೆ ಜಾಡಿಸಿ, ಹಾಸಿದೆ. ತುದಿಯನ್ನು ಸಂದಿಗೆ ತುರುಕಬೇಕೆಂದು ನನಗೆ ಯಾರೂ ಹೇಳಲಿಲ್ಲ, ಕೈ ತಾನೇ ತುರುಕಿತು. ಚೀಲ ವೀರೇಶ ಮಾಮನ ಕಲೆಯನ್ನು ಪೂರ್ತಿ ಮುಚ್ಚಿ ಕೂತಿತು, ಒಂದು ಸುಕ್ಕೂ ಇಲ್ಲದೆ.